ಬೋರ್ಡಿಗೇರದ ರಾಗ

ನಮ್ಮೂರ ಸಂಗೀತ ಪಾಠಶಾಲೆಯ ಪಡಸಾಲೆಯಲ್ಲಿ ಒಂದು ಕಪ್ಪು ಹಲಗೆ ಇದೆ. ಪಾಠ ಬರೆಯುವ ಹಲಗೆಯಲ್ಲ, ನಮ್ಮಲ್ಲಿ ಕಲಿತು ಹೊರಗೆ ಹೋಗಿ ಹೆಸರು ಮಾಡಿದವರ ಹಲಗೆ. ಊರವರು ಅದನ್ನು ಬೋರ್ಡು ಎನ್ನುತ್ತಾರೆ. ಮೊದಲು ಹೆಸರು, ಆಮೇಲೆ ಇಸವಿ, ಆಮೇಲೆ ಯಾವ ಊರಿನ ಯಾವ ಸಭೆಯಲ್ಲಿ ಶಾಲು ಹೊದಿಸಿದರು ಎಂಬುದು, ಕೊನೆಗೆ ಯಾವ ರಾಗಕ್ಕೆ ಎಂಬುದು. ಆ ರಾಗ ಅಂದಿನಿಂದ ನಮ್ಮೂರಲ್ಲಿ ಇರುವುದಿಲ್ಲ. ಅಲ್ಲಿ ಶಾಲು ಹೆಗಲಿಗೆ ಬಿದ್ದ ಗಳಿಗೆಗೆ ಇಲ್ಲಿಂದ ರಾಗ ಹೊರಡುತ್ತದೆ. ಆಮೇಲೆ ಯಾರು ಬಾಯಿ ತೆರೆದರೂ ಬರೀ ಉಸಿರು ಬರುತ್ತದೆ. ತಂತಿ ಮೀಟಿದರೆ ತಂತಿ ಅಲುಗುತ್ತದೆ, ಅಷ್ಟೆ.

ಮೊದಲ ಹೆಸರು ಬೋರ್ಡಿಗೆ ಏರಿದಾಗ ನಾನಿನ್ನೂ ಹುಟ್ಟಿರಲಿಲ್ಲ. ಆಗ ಮೋಹನ ಹೋಯಿತಂತೆ, ಶಾಲೆಯ ಮಕ್ಕಳ ಪ್ರಾರ್ಥನೆಗೆ ಬೇರೆ ಮಟ್ಟು ಹಾಕಬೇಕಾಯಿತಂತೆ. ಕಾಂಬೋಜಿ ಹೋದದ್ದು ನನ್ನ ಕಣ್ಣೆದುರಿಗೇ. ನನ್ನ ಸೋದರತ್ತೆಯ ಮಗನ ದಿಬ್ಬಣದಲ್ಲಿ ಓಲಗದವನು ಊದುತ್ತಿದ್ದ ಹಾಗೇ ನಾದ ನಿಂತುಹೋಯಿತು. ಅವನೇನೂ ಗಾಬರಿಯಾಗಲಿಲ್ಲ. "ಯಾರಿಗೋ ಶಾಲು ಬಿತ್ತು ಬಿಡಿ" ಎಂದು ವಾದ್ಯವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎಲೆ ಅಡಿಕೆ ಹಾಕಿಕೊಂಡ. ಮಧ್ಯಮಾವತಿ, ಸೌರಾಷ್ಟ್ರ ಎರಡೂ ಹೋದ ಮೇಲೆ ನಮ್ಮೂರ ಕಛೇರಿಗಳಿಗೆ ಮಂಗಳವೇ ಇಲ್ಲ. ಮೃದಂಗದವನು ಗವಸು ಕೈಗೆ ತೆಗೆದುಕೊಂಡರೆ ಮುಗಿಯಿತೆಂದು ಜನ ಎದ್ದು ಚಪ್ಪಲಿ ಹುಡುಕುತ್ತಾರೆ. ಕ್ಷೌರದಂಗಡಿಯ ರೇಡಿಯೋ ಹಾಡಿನ ನಡುವೆ ಮೂಕಾದರೆ ಕ್ಷೌರಿಕ ಕತ್ತಿಯನ್ನು ಕೆನ್ನೆಯಿಂದ ಎತ್ತಿ ಹಿಡಿದು ಕಾಯುತ್ತಾನೆ, ಹಾಡು ಬೇರೆ ರಾಗಕ್ಕೆ ಹೊರಳಿದ ಮೇಲೆ ಮತ್ತೆ ಕೆರೆಯುತ್ತಾನೆ. ಯಾರೂ ಗೊಣಗುವುದಿಲ್ಲ. ಹಬ್ಬದ ದಿನ ಮಕ್ಕಳನ್ನು ಬೋರ್ಡಿನ ಮುಂದೆ ನಿಲ್ಲಿಸಿ ಬೆರಳಿಟ್ಟು ಓದಿಸುವ ಜನ ನಾವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ನಮಗೆ.

ಬೋರ್ಡಿಗೆ ಏರಿದವರು ವರ್ಷಕ್ಕೋ ಎರಡು ವರ್ಷಕ್ಕೋ ಸನ್ಮಾನಕ್ಕೆಂದು ಬರುತ್ತಾರೆ. ಹಾರ ಹಾಕಿಸಿಕೊಳ್ಳುತ್ತಾರೆ, ಭಾಷಣ ಮಾಡುತ್ತಾರೆ, ನಾನು ಇಲ್ಲೇ ಈ ಕಂಬಕ್ಕೆ ಒರಗಿ ಸರಳೆವರಸೆ ಕಲಿತೆ ಎನ್ನುತ್ತಾರೆ. ಹಾಡುವುದಿಲ್ಲ. ಯಾವುದರಿಂದ ದೊಡ್ಡವರಾದರೋ ಅದು ಅವರಿಗೂ ಇಲ್ಲಿ ಬರುವುದಿಲ್ಲ. ಒಬ್ಬರಂತೂ ತಾಯಿ ತೀರಿಕೊಂಡಾಗ ಬಂದಿದ್ದರು. ಹೆಣದ ಮುಂದೆ ಕೂತು ಬಾಯಿ ತೆರೆದರು, ಮುಚ್ಚಿದರು. ಮರುದಿನ ಬಸ್ಸಿನಲ್ಲಿ ಹೊಳೆಯ ಸೇತುವೆ ದಾಟಿದ ಕೂಡಲೇ ಜೋರಾಗಿ ಹಾಡಿಕೊಂಡು ಅತ್ತರೆಂದು ಕಂಡಕ್ಟರ್ ಹೇಳಿದ.

ಈ ಪಾಠಶಾಲೆಯಲ್ಲಿ ನಾನು ನಲವತ್ತು ವರ್ಷ ಮೇಷ್ಟ್ರು. ಪದ್ಮನಾಭಯ್ಯ ಅಂತ. ನನ್ನ ಕೈಯಲ್ಲಿ ಕಲಿತ ಏಳು ಜನ ಬೋರ್ಡಿನಲ್ಲಿದ್ದಾರೆ. ಎಂಟನೆಯವಳು ಇಲ್ಲ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ಮೊದಲು ನನ್ನ ಹೆಂಡತಿಯ ವಿಷಯ ಹೇಳಬೇಕು. ಜಲಜಾಕ್ಷಿಗೆ ಹತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಕಾಫಿ ಸೋಸುತ್ತಿದ್ದ ಹಾಗೇ ಬಲಗೈ ಬಲಗಾಲು ಬಿದ್ದುಹೋಯಿತು. ಮಾತೂ ಹೋಯಿತು. ಡಾಕ್ಟರು ನೋಡಿ, ಕೈಕಾಲು ಅಲ್ಪಸ್ವಲ್ಪ ಬರಬಹುದು, ಮಾತಿನ ಆಸೆ ಇಟ್ಟುಕೊಳ್ಳಬೇಡಿ ಎಂದರು. ಮೂವತ್ತು ವರ್ಷ ನನ್ನನ್ನು ಬಾಯಲ್ಲೇ ಆಳಿದ ಹೆಂಗಸು ಗೋಡೆ ನೋಡುತ್ತ ಮಲಗಿದಳು. ನಾಲ್ಕು ತಿಂಗಳಾದ ಮೇಲೆ ಪಕ್ಕದ ಮನೆಯಲ್ಲಿ ಹೆಣ್ಣುಮಗುವಿನ ನಾಮಕರಣ. ಹೆಂಗಸರು ಆರತಿ ಎತ್ತಿ ಆನಂದಭೈರವಿಯಲ್ಲಿ ಹಳೇ ಹಾಡು ಹಾಡಿದರು. ನಮ್ಮ ಮನೆಗಳಲ್ಲಿ ಹಸೆಗೆ ಕರೆಯುವುದು, ಆರತಿ ಎತ್ತುವುದು, ತೊಟ್ಟಿಲು ತೂಗುವುದು ಎಲ್ಲಾ ಅದೇ ರಾಗದಲ್ಲಿ. ಆ ಹಾಡು ಕಿಟಕಿಯಿಂದ ಬಂದದ್ದೇ ಮಂಚದ ಮೇಲಿಂದ ಜಲಜ ದನಿಗೂಡಿಸಿದಳು. ಒಂದಕ್ಷರ ತೊದಲಲಿಲ್ಲ. ನಾನು ಕೈಯಲ್ಲಿದ್ದ ತಂಬಿಗೆ ಬಿಟ್ಟೆ.

ಸಂಜೆಯ ಹೊತ್ತಿಗೆ ಅವಳು ಅದೇ ಮಟ್ಟಿಗೆ ತನ್ನ ಮಾತು ಕಟ್ಟಿ ಹಾಡಿದಳು: "ತಂಬಿಗೆ ನೆಗ್ಗಿಸಿದಿರಲ್ಲಾ, ಅದು ನಮ್ಮಮ್ಮ ಕೊಟ್ಟದ್ದೂ..." ನಗುತ್ತ ನಗುತ್ತ ನಾನು ಅತ್ತೆ. ಅಂದಿನಿಂದ ನಮ್ಮ ಮನೆಯ ಸಂಸಾರವೆಲ್ಲ ಆನಂದಭೈರವಿಯಲ್ಲೇ ನಡೆಯಿತು. ನೀರು ಬೇಕು, ಸಾರಿಗೆ ಉಪ್ಪು ಹಾಕಿಲ್ಲ, ಹಿತ್ತಿಲ ಬಾಗಿಲು ತೆರೆದಿದೆ, ಎಲ್ಲಾ ಹಾಡು. ಬೇರೆ ರಾಗಗಳಲ್ಲಿ ಪ್ರಯತ್ನಿಸಿದೆವು. ಬರಲಿಲ್ಲ. ಬರೀ ಮಾತಂತೂ ಇಲ್ಲವೇ ಇಲ್ಲ. ಅವಳಿಗೆ ಉಳಿದದ್ದು ಆ ಒಂದು ರಾಗ.

ಇನ್ನು ಗಂಗೆ. ಹಿಟ್ಟಿನ ಗಿರಣಿ ಮರಿಬಸಪ್ಪನ ಮಗಳು, ಪೂರ್ತಿ ಹೆಸರು ಶಿವಗಂಗೆ. ಐದು ವರ್ಷದವಳಿದ್ದಾಗಲೇ ಗಿರಣಿಯ ಬೆಲ್ಟು ತಿರುಗುವ ಸದ್ದಿಗೆ ಶ್ರುತಿ ಸೇರಿಸಿಕೊಂಡು ಹಾಡುತ್ತಿದ್ದಳಂತೆ. ಪಾಠಕ್ಕೆ ಬರುವಾಗ ಹುಬ್ಬಿನ ಮೇಲೆ ಹಿಟ್ಟು ಕೂತಿರುತ್ತಿತ್ತು. ನಾನು ಒರೆಸಿಕೋ ಎಂದರೆ "ಅಯ್ಯೋ, ಒರೆಸಿದ್ರೂ ಮತ್ತೆ ಕೂರ್ತದೆ ಮೇಷ್ಟ್ರೇ" ಎಂದು ನಗುತ್ತಿದ್ದಳು. ನಲವತ್ತು ವರ್ಷದಲ್ಲಿ ಅಂಥ ಗಂಟಲು ನಾನು ಕೇಳಿರಲಿಲ್ಲ.

ಪಾಠಶಾಲೆಯ ಕೊನೆಯ ವರ್ಷದಲ್ಲಿ ಒಬ್ಬರಿಗೆ ಒಂದೇ ರಾಗ. ಮೇಷ್ಟ್ರುಗಳೆಲ್ಲ ಕೂತು ಗಂಟಲು ಕೇಳಿ, ಇವನಿಗೆ ಇದು, ಇವಳಿಗೆ ಅದು ಎಂದು ನಿರ್ಧರಿಸುತ್ತೇವೆ. ಆಮೇಲೆ ವರ್ಷಪೂರ್ತಿ ಮೊದಲಿನಿಂದ ಕಲಿಸಿದ ಮೇಷ್ಟ್ರ ಮನೆಯಲ್ಲೇ ಅಭ್ಯಾಸ. ದೃಷ್ಟಿ ತಗಲಬಾರದೆಂದು ಆ ರಾಗವನ್ನು ಬೇರೆ ಯಾರ ಮುಂದೆಯೂ ಹಾಡಿಸುವುದಿಲ್ಲ. ಕೊನೆಗೆ ಪರಸ್ಥಳದ ದೊಡ್ಡ ಸಭೆಗೆ ಕಳಿಸುತ್ತೇವೆ. ಆ ಸಭೆ ಒಮ್ಮೆ ಬೇಡವೆಂದವರನ್ನು ಎರಡನೇ ಸಲ ಕರೆಯುವುದಿಲ್ಲ. ಶಾಲು ಸಿಕ್ಕವರಿಗೆ ಲೋಕವೆಲ್ಲ ತೆರೆಯುತ್ತದೆ. ಸಿಗದವರು ಊರಿಗೆ ಬಂದು ಅಪ್ಪನ ಕಸುಬು ಹಿಡಿಯುತ್ತಾರೆ.

ಗಂಗೆ ನಮ್ಮ ಮುಂದೆ ಕೂತು ಐದಾರು ರಾಗ ಹಾಡಿದಳು. ಆನಂದಭೈರವಿಗೆ ಬಂದಾಗ ಯಾರೂ ಮುಂದಿನದನ್ನು ಕೇಳಲಿಲ್ಲ. ಮೇಷ್ಟ್ರುಗಳೆಲ್ಲ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಪ್ರಿನ್ಸಿಪಾಲ್ ಕೇಶವರಾಯರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ನಿಮ್ಮ ಮನೆ ಸಂಗತಿ ನಮಗೆ ಗೊತ್ತಿಲ್ವೇ ಪದ್ನಾಭಯ್ಯ? ಏನು ಮಾಡೋಣ ಹೇಳಿ. ಹುಡುಗಿ ಗಂಟಲು ಅದಕ್ಕೇ ಹುಟ್ಟಿದೆ. ಇಲ್ಲ ಅಂದ್ರೆ ನಾವು ಪಾಠಶಾಲೆ ಇಟ್ಟು ಏನು ಉಪಯೋಗ?"

"ಆಗಲಿ" ಎಂದೆ. ಬೇರೇನು ಹೇಳಬಹುದಿತ್ತು? ಕಾಂಬೋಜಿ ಹೋದಾಗ ಯಾರ ಮನೆಯಲ್ಲಿ ಏನು ಹೋಯಿತೆಂದು ನಾನು ಕೇಳಿದ್ದೆನೇ? ನನ್ನ ಏಳು ಶಿಷ್ಯರ ಏಳು ರಾಗಗಳನ್ನು ಊರು ಬಾಯಿಮುಚ್ಚಿ ಬಿಟ್ಟುಕೊಟ್ಟಿತ್ತು. ಹಾಗಂತ ನನಗೆ ನಾನೇ ನೂರು ಸಲ ಹೇಳಿಕೊಂಡೆ. ಮನೆಗೆ ಬಂದರೆ ಜಲಜ "ಏನಂದರು, ಯಾಕಿಷ್ಟು ಸಪ್ಪಗೆ" ಎಂದು ಹಾಡಿದಳು. ವಿಷಯ ಹೇಳಿದೆ. "ಗಂಗೆ ಒಳ್ಳೇ ಹುಡುಗಿ, ಹೋಗಲಿ, ದೊಡ್ಡವಳಾಗಲಿ" ಎಂದು ಹಾಡಿದಳು. ಆಮೇಲೆ ಮಗ್ಗುಲಾದಳು.

ಆನಂದಭೈರವಿಯಲ್ಲಿ ಒಂದು ಜಾಗವಿದೆ. ಪಂಚಮದಿಂದ ಮೇಲಿನ ಷಡ್ಜಕ್ಕೆ ಏರುವಾಗ ನಡುವಿನ ನಿಷಾದದ ಮೇಲೆ ಕಾಲೂರಿ ನಿಲ್ಲಬಾರದು. ಹೊಸ್ತಿಲು ದಾಟುವ ಹಾಗೆ ದಾಟಿಬಿಡಬೇಕು. ನಿಂತಿರೋ, ಪಕ್ಕದ ರೀತಿಗೌಳದ ಮನೆಗೆ ಹೋದಂತೆ. ಅಡುಗೆಮನೆಯ ಹೆಂಗಸರೂ ಇದನ್ನು ತಪ್ಪುವುದಿಲ್ಲ, ಯಾರೂ ಹೇಳಿಕೊಡದೆ ಅವರಿಗೆ ಗೊತ್ತು. ನಾನು ಗಂಗೆಗೆ ಅಲ್ಲಿ ನಿಲ್ಲು ಎಂದು ಹೇಳಿಕೊಟ್ಟೆ.

ಮೊದಲ ದಿನ ಅವಳು ತಡೆದಳು. "ಇಲ್ಲಿ ನಿಲ್ಲೋದಾ ಮೇಷ್ಟ್ರೇ? ನಮ್ಮಜ್ಜಿ ನಿಲ್ತಿರ್ಲಿಲ್ಲ."

"ನಿಮ್ಮಜ್ಜಿ ಪಾಠಶಾಲೆಗೆ ಬಂದಿದ್ದಳೇ? ಇದು ನಮ್ಮ ಗುರುಗಳ ಪಾಠ. ದೊಡ್ಡ ಸಭೇಲಿ ಇದನ್ನೇ ಕಾಯ್ತಾರೆ. ನಿಲ್ಲು, ಇನ್ನೂ ನಿಲ್ಲು."

ಅವಳು ನಿಂತಳು. ಆ ಗಂಟಲಿನಲ್ಲಿ ತಪ್ಪೂ ಎಷ್ಟು ಚೆಂದ ಕೇಳಿಸಿತು ಅಂದರೆ ನನಗೆ ಮೈ ಜುಮ್ಮೆಂದಿತು. ಆಗಲೇ ಒಳಕೋಣೆಯಿಂದ ಜಲಜಳ ದನಿ ಬಂತು. ಮಾತಿಲ್ಲ, ಬರೀ ಸ್ವರ. ಅದೇ ಜಾಗವನ್ನು ಸರಿಯಾಗಿ ಹಾಡಿ ತೋರಿಸಿದಳು. ನಾನು ಕೆಮ್ಮಿದೆ. ಅವಳು ಮತ್ತೆ ಹಾಡಿದಳು. ಗಂಗೆ ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ನನ್ನ ಕಡೆ ನೋಡಿದಳು. ನಾನೆದ್ದು ಹೋಗಿ ಬಾಗಿಲು ಮುಚ್ಚಿ ಬಂದೆ.

ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಒಂದು ದಿನವಲ್ಲ, ಹತ್ತು ತಿಂಗಳು. ದಿನಾ ಬೆಳಿಗ್ಗೆ ಗಂಗೆ ಬರುವ ಮುಂಚೆ ಬಾಗಿಲು ಮುಚ್ಚುತ್ತಿದ್ದೆ. ದಿನಾ ಮುಚ್ಚಿದ ಬಾಗಿಲ ಹಿಂದಿನಿಂದ ಜಲಜ ಆ ಜಾಗವನ್ನು ಸರಿಯಾಗಿ ಹಾಡುತ್ತಿದ್ದಳು. ದಿನಾ ಗಂಗೆ ನಾನು ಹೇಳಿದ ಹಾಗೆ ಹಾಡುತ್ತಿದ್ದಳು. ಮೊದಮೊದಲು ಆ ಜಾಗ ಬಂದಾಗ ಅವಳ ಕಣ್ಣು ನನ್ನನ್ನು ಹುಡುಕುತ್ತಿತ್ತು. ಎರಡು ತಿಂಗಳು ಕಳೆದ ಮೇಲೆ ಅವಳು ಕಣ್ಣು ಮುಚ್ಚಿಕೊಂಡು ಹಾಡತೊಡಗಿದಳು. ಪಾಠ ಕೈಗೂಡಿತು ಎಂದುಕೊಂಡೆ. ಜಲಜ ಮಾತ್ರ ಪಾಠದ ವಿಷಯ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಪಾಪದ ಹುಡುಗಿಯನ್ನು ಕೂರಿಸಿಕೊಂಡು, ಅಮ್ಮಾ ಗಂಗೆ, ಹೀಗಿದೆ ನನ್ನ ಮನೆಯ ಸ್ಥಿತಿ, ಏನು ಮಾಡೋಣ ಎಂದು ನಾನು ಯಾಕೆ ಕೇಳಲಿಲ್ಲ? ಗುರುವಾದವನು ಶಿಷ್ಯಳ ಮುಂದೆ ಕೈಯೊಡ್ಡುವುದೇ ಎಂಬ ಅಹಂಕಾರ. ಕದಿಯುವುದಕ್ಕೆ ನಾಚಿಕೆಯಾಗಲಿಲ್ಲ, ಬೇಡುವುದಕ್ಕೆ ನಾಚಿಕೆಯಾಯಿತು.

ರಾಗವನ್ನು ಕಳಿಸಿಕೊಡುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ. ಸಭೆ ನಡೆಯುವ ಸಂಜೆ ಊರವರೆಲ್ಲ ಪಾಠಶಾಲೆಯ ಅಂಗಳದಲ್ಲಿ ಸೇರಿ ಆ ರಾಗದ ಹಾಡುಗಳನ್ನು ಒಟ್ಟಿಗೆ ಹಾಡುತ್ತಾರೆ. ಹಾಡುತ್ತ ಹಾಡುತ್ತ ಒಂದು ಗಳಿಗೆಗೆ ಎಲ್ಲರ ದನಿಯೂ ಒಮ್ಮೆಗೇ ನಿಲ್ಲುತ್ತದೆ. ಆಗ ಚಪ್ಪಾಳೆ, ಸಕ್ಕರೆ ಹಂಚಿಕೆ. ಪೇಂಟರ್ ದಸ್ತಗೀರ್ ಏಣಿ ಹಾಕಿ ಬೋರ್ಡಿನ ಮೇಲೆ ಹೆಸರು ಬರೆಯುತ್ತಾನೆ. ಗಂಗೆಯ ಮೇಲೆ ಅವನಿಗೆ ಎಷ್ಟು ನಂಬಿಕೆ ಅಂದರೆ ಮಧ್ಯಾಹ್ನವೇ ಹೆಸರು, ಇಸವಿ ಬರೆದು ಮುಗಿಸಿದ್ದ.

ಅಂದು ಮಧ್ಯಾಹ್ನ ಜಲಜ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಹೇಳುವುದನ್ನೆಲ್ಲ ಸಂಜೆಯೊಳಗೆ ಹೇಳಿ ಮುಗಿಸಬೇಕಲ್ಲ. ಅರಳು ಸಂಡಿಗೆ ಅಟ್ಟದ ಮೇಲಿನ ಹಿತ್ತಾಳೆ ಡಬ್ಬಿಯಲ್ಲಿದೆ ಎಂದು ಹಾಡಿದಳು. ತಂಗಿಯ ಮೇಲೆ ಇಪ್ಪತ್ತು ವರ್ಷ ಇಟ್ಟುಕೊಂಡ ಸಿಟ್ಟು ಬಿಟ್ಟಿದ್ದೇನೆ, ಕಾಗದ ಬರೆಯಿರಿ ಎಂದು ಹಾಡಿದಳು. ನಿಮಗೆ ನೀಲಿ ಜುಬ್ಬಾ ಒಪ್ಪುತ್ತದೆ, ಬಿಳಿಯದು ಬೇಡ ಎಂದು ಹಾಡಿದಳು. ಕೊನೆಗೆ ಎಡಗೈಯಲ್ಲಿ ನನ್ನ ಕೆನ್ನೆ ಹಿಡಿದುಕೊಂಡು, "ನಾಳೆಯಿಂದ ಕರೆಯೋಕಾಗಲ್ಲ, ಆಗಾಗ ನೀವೇ ಬಂದು ನೋಡಿ" ಎಂದು ಹಾಡಿದಳು. ಹಾಗೇನೂ ಆಗುವುದಿಲ್ಲ ಕಣೇ ಎನ್ನುವ ಮಾತು ನಾಲಗೆ ತುದಿಯವರೆಗೆ ಬಂದಿತ್ತು. ನುಂಗಿಕೊಂಡು ಎದ್ದು ಹೋದೆ.

ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮನೆಮನೆಯ ರಾಗವಲ್ಲವೇ, ಮುದುಕಿಯರೂ ಬಂದಿದ್ದರು. ಮರಿಬಸಪ್ಪ ಗಿರಣಿ ಮುಚ್ಚಿ, ಸ್ನಾನ ಮಾಡಿ, ಗರಿಗರಿ ಪಂಚೆ ಉಟ್ಟು ಹಾರ ಹಿಡಿದುಕೊಂಡು ನಿಂತಿದ್ದ. ಮಗಳು ಪ್ರಿನ್ಸಿಪಾಲರ ಜೊತೆ ಹೋಗಿ ಎರಡು ದಿನವಾಗಿತ್ತು. ಹಾಡು ಶುರುವಾಯಿತು. ಹಸೆಯ ಹಾಡು, ಬೀಗರ ಹಾಡು, ಜೋಗುಳ. ಅಳುತ್ತ ಹಾಡಿದವರು ಎಷ್ಟೋ ಜನ. ಬಸುರಿ ಹೆಂಗಸೊಬ್ಬಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹುಟ್ಟದ ಮಗುವಿಗೇ ಜೋಗುಳ ಹಾಡಿ ಮುಗಿಸಿದಳು. ದೀಪ ಹಚ್ಚುವ ಹೊತ್ತಾಯಿತು. ಹಾಡು ನಿಲ್ಲಲಿಲ್ಲ. ಗೊತ್ತಿದ್ದ ಹಾಡುಗಳೆಲ್ಲ ಮುಗಿದು ಮತ್ತೆ ಮೊದಲಿನಿಂದ ಹಿಡಿದರು. ಆಗಲೂ ನಿಲ್ಲಲಿಲ್ಲ. ಒಬ್ಬೊಬ್ಬರೇ ಮುಖ ಮುಖ ನೋಡಿಕೊಂಡರು. ಕುಂಬಳಕಾಯಿ ಕಳ್ಳನಂತೆ ನಾನು ಸುಮ್ಮಸುಮ್ಮನೆ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡೆ. ಯಾರೋ ಹೆಂಗಸು ನಿದ್ದೆ ಹೋದ ಕೂಸನ್ನು ಎತ್ತಿಕೊಂಡು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಅಂಗಳ ಖಾಲಿಯಾಯಿತು. ಮರಿಬಸಪ್ಪ ಒಬ್ಬನೇ ಉಳಿದು ತನಗೆ ಬಂದ ಹಾಗೆ ಹಾಡುತ್ತಲೇ ಇದ್ದ. ಎಲ್ಲಿ, ಈಗ ನಿಲ್ಲಬಹುದು ಎಂದು.

ಮನೆಗೆ ಬಂದೆ. ಜಲಜ ಮಂಚದ ಮೇಲೆ ಕೂತಿದ್ದಳು. "ಇನ್ನೂ ಇದೆಯಲ್ಲಾ" ಎಂದು ಹಾಡಿದಳು. ದನಿಯಲ್ಲಿ ಸಂತೋಷವಿರಲಿಲ್ಲ. ನಾನು ಕಾಲು ತೊಳೆಯುವ ನೆವದಲ್ಲಿ ಹಿತ್ತಿಲಿಗೆ ಹೋದೆ. ಅವಳು ಮತ್ತೊಮ್ಮೆ ಕೇಳಲಿಲ್ಲ.

ಮೂರನೇ ದಿನ ಕೇಶವರಾಯರು ಬಂದು ಹೇಳಿದ್ದು ಇಷ್ಟು. ಗಂಗೆ ಬಾಯಿ ತೆರೆದ ಕೂಡಲೇ ಸಭೆ ಮಂತ್ರ ಹಾಕಿದ ಹಾಗೆ ಕೂತಿತು. ಆಮೇಲೆ ಆ ಜಾಗ ಬಂತು. ಮುಂದಿನ ಸಾಲಿನ ಹಿರಿಯ ವಿದ್ವಾಂಸರೊಬ್ಬರು ತಲೆ ಎತ್ತಿದರು. ಎರಡನೇ ಸಲ ಬಂದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಾಡು ಮುಗಿದ ಮೇಲೆ ವಿದ್ವಾಂಸರು, "ಗಂಟಲು ದೇವರು ಕೊಟ್ಟಿದ್ದಾನೆ ಮಗು. ಆದರೆ ಎರಡು ರಾಗ ಕಲಸಿಬಿಟ್ಟೆಯಲ್ಲ, ಇದು ಯಾರ ಪಾಠ?" ಎಂದು ಕೇಳಿದರು. ಅವಳು ಕೈ ಮುಗಿದು "ನಂದೇ ತಪ್ಪು" ಎಂದಳಂತೆ.

"ನಾವು ಕೇಳಿದಾಗ ಚೆನ್ನಾಗೇ ಇತ್ತಲ್ಲ ಪದ್ನಾಭಯ್ಯ" ಎಂದರು ಕೇಶವರಾಯರು. "ಹೆದರಿಬಿಟ್ಲು ಅಂತ ಕಾಣತ್ತೆ. ಇನ್ನು ಮೇಲೆ ನಮ್ಮ ಪಾಠಶಾಲೆಯವರನ್ನ ಅವರು ಕರೆಯೋದು ಅನುಮಾನ. ನಿಮಗೂ ಎಷ್ಟು ಬೇಜಾರಾಗಿದೆಯೋ." ಅವರು ನನ್ನನ್ನು ಸಮಾಧಾನ ಮಾಡಿದರು. ನಾನು ಸಮಾಧಾನ ಮಾಡಿಸಿಕೊಂಡೆ.

ಊರು ಸುಮ್ಮನಿರುತ್ತದೆಯೇ? ಮೊದಲ ವಾರದಲ್ಲೇ ಅವಳಿಗೆ ಕಲಸುಗಂಗೆ ಎಂದು ಹೆಸರಿಟ್ಟರು. ಯಾವ ರಾಗ ಉಳಿಯಿತೆಂದು ಒಳಗೊಳಗೇ ಖುಷಿಪಟ್ಟ ಹೆಂಗಸರೇ, ಅದೇ ರಾಗದಲ್ಲಿ ಕೂಸು ತೂಗುತ್ತ ಅವಳನ್ನು ಆಡಿಕೊಂಡರು. ದಸ್ತಗೀರ್ ಏಣಿ ಹತ್ತಿ ಬರೆದ ಹೆಸರನ್ನು ಕೆರೆಯುತ್ತಿದ್ದ. ನನ್ನನ್ನು ಕಂಡು ಕೈ ನಿಲ್ಲಿಸಿದ. "ನಾನೇ ಆತುರಪಟ್ಟೆ ಮೇಷ್ಟ್ರೇ. ಬಣ್ಣ ಒಣಗಿಬಿಟ್ಟಿದೆ, ಕೆರೆದ್ರೆ ಮರಾನೂ ಕಿತ್ಕೊಂಡು ಬರ್ತದೆ. ಹುಡುಗಿ ನೋಡಿದ್ರೆ ಏನಂದ್ಕೊಂಡಾಳು?" ಹೊಗೆ ಹಿಡಿದ ಹಲಗೆಯ ಮೇಲೆ ಅಷ್ಟುದ್ದಕ್ಕೆ ಬಿಳಿಚಿದ ಗಾಯ ಉಳಿಯಿತು.

ಗಂಗೆ ಬಂದದ್ದು ಎಂಟನೇ ದಿನ. ಪ್ರತಿ ತಿಂಗಳು ನಮ್ಮ ಮನೆಗೆ ರಾಗಿ ಹಿಟ್ಟು ತರುತ್ತಿದ್ದಳು, ಈ ಸಲವೂ ತಂದಿದ್ದಳು. ಹುಬ್ಬಿನ ಮೇಲೆ ಹಿಟ್ಟಿತ್ತು. ಚೀಲ ಇಳಿಸಿ ಪಡಸಾಲೆಯಲ್ಲಿ ಪಾಠಕ್ಕೆ ಕೂರುತ್ತಿದ್ದ ಜಾಗದಲ್ಲೇ ಕೂತಳು. ಒಳಕೋಣೆಯ ಬಾಗಿಲು ತೆರೆದೇ ಇತ್ತು, ಈ ಸಲ ನಾನೆದ್ದು ಮುಚ್ಚಲಿಲ್ಲ.

"ನಾಳೆಯಿಂದ ಗಿರಣಿ ನಾನೇ ನೋಡ್ಕೋತೀನಿ ಮೇಷ್ಟ್ರೇ. ಅಪ್ಪಯ್ಯಂಗೆ ದಮ್ಮು" ಎಂದಳು.

"ಸಭೇಲಿ ನನ್ನ ಹೆಸರು ಯಾಕೆ ಹೇಳಲಿಲ್ಲ ನೀನು?"

ಅವಳು ಸೆರಗಿನ ಅಂಚು ಸುತ್ತುತ್ತ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು: "ದಿನಾ ಒಳಗಿಂದ ಅಮ್ಮಾವ್ರು ಸರಿಯಾಗಿ ಹಾಡ್ತಿದ್ರು. ಹೊರಗೆ ನೀವು ತಪ್ಪು ಹೇಳ್ಕೊಡ್ತಿದ್ರಿ. ಯಾಕೆ ಅಂತ ತಿಳಿಯೋಕೆ ಎರಡು ತಿಂಗಳು ಹಿಡೀತು ನಂಗೆ. ಒಂದಿನ ಪಾಠ ಮುಗಿಸಿ ಹೋಗ್ತಿದ್ದೆ, ಅಮ್ಮಾವ್ರು ಅದೇ ರಾಗದಲ್ಲಿ ನೀರು ಕೇಳಿದ್ರು. ಆವಾಗ ತಿಳೀತು."

"ಗೊತ್ತಿದ್ದೂ ಹಾಗೇ ಹಾಡಿದೆಯಾ?"

"ಸರಿಯಾಗಿ ಹಾಡ್ಬಿಡೋಣ ಅಂತಾನೇ ಅಂದ್ಕೊಂಡಿದ್ದೆ ಮೇಷ್ಟ್ರೇ. ಸುಳ್ಳು ಯಾಕೆ ಹೇಳ್ಲಿ. ಆಸೆ ಇರ್ಲಿಲ್ವಾ ನಂಗೆ? ತಂಬೂರಿ ಮೀಟೋವರೆಗೂ ಹಂಗೇ ಅಂದ್ಕೊಂಡಿದ್ದೆ. ಆ ಜಾಗ ಬಂದಾಗ ಅಮ್ಮಾವ್ರ ನೆನಪು ಬಂತು." ಅವಳ ಕಣ್ಣಲ್ಲಿ ನೀರು ತುಂಬಿತು, ಹಿಟ್ಟಿನ ಕೈಯಲ್ಲೇ ಒರೆಸಿಕೊಂಡಳು. "ನೀವು ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ. ಹೋಗೋದೇ ಇಲ್ಲ ಅಂತಿದ್ದೆ. ಅಷ್ಟು ಜನರ ಮುಂದೆ ನಗಿಸ್ಕೊಳ್ಳೋದಾದ್ರೂ ತಪ್ತಿತ್ತು. ನೀವು ಕೇಳ್ಲೇ ಇಲ್ಲ."

ಎದ್ದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ಬೇಡ ಎನ್ನುವಷ್ಟರಲ್ಲಿ ಆಗಿಹೋಗಿತ್ತು. ಮೆಟ್ಟಿಲಿಳಿದು ಹೋದಳು. ಅವಳು ಹಾಡಿದ್ದನ್ನು ಆಮೇಲೆ ಊರಲ್ಲಿ ಯಾರೂ ಕೇಳಿಲ್ಲ. ಗಿರಣಿಯ ಬೆಲ್ಟು ತಿರುಗುವಾಗಲೂ ಸುಮ್ಮನೆ ಹಿಟ್ಟು ತುಂಬುತ್ತಾಳೆ.

ಮರುದಿನವೇ ಹೋಗಿ ಕೇಶವರಾಯರ ಮುಂದೆ ಎಲ್ಲಾ ಒಪ್ಪಿಕೊಂಡೆ. ಅವರು, ಇದು ನಮ್ಮಿಬ್ಬರಲ್ಲೇ ಇರಲಿ, ಮೇಷ್ಟ್ರೇ ಹೀಗೆ ಮಾಡಿದರು ಅಂತಾದರೆ ಪಾಠಶಾಲೆಗೆ ಯಾರು ಮಕ್ಕಳನ್ನು ಕಳಿಸುತ್ತಾರೆ ಎಂದರು. ಅವಳ ಹೆಸರನ್ನು ಬೋರ್ಡಿನಲ್ಲಿ ಬರೆಸಿ ಎಂದು ಬೇಡಿಕೊಂಡೆ. ರಾಗ ಹೋಗದೆ ಹೇಗೆ ಬರೆಸಲಿ ಎಂದರು. ಅದೂ ನಿಜವೇ.

ಆದರೆ ಅದೆಲ್ಲ ಮರುದಿನದ ಮಾತು. ಗಂಗೆ ಹೋದ ಆ ಸಂಜೆ ನಾನು ಪಡಸಾಲೆಯಲ್ಲೇ ಕೂತಿದ್ದೆ. ಕತ್ತಲಾದರೂ ದೀಪ ಹಾಕಲಿಲ್ಲ. ಒಳಗಿನಿಂದ ಜಲಜ ಹಾಡಿದಳು: "ಏಳಿ, ಊಟಕ್ಕೆ ಹೊತ್ತಾಯಿತೂ." ದಿನಾ ಹೇಳುವ ಮಾತೇ. ಪಂಚಮದಿಂದ ಮೇಲಕ್ಕೆ ಏರುವಾಗ ಮಾತ್ರ ದಾಟಲಿಲ್ಲ. ನಿಷಾದದ ಮೇಲೆ ನಿಂತಳು. ನಾನು ಹತ್ತು ತಿಂಗಳು ಕಲಿಸಿದ ಹಾಗೆ, ಅಷ್ಟೇ ಹೊತ್ತು ನಿಂತಳು. ಒಳಗೆ ಹೋಗಿ ನೋಡಿದೆ. ನನ್ನನ್ನೇ ನೋಡುತ್ತ ಮತ್ತೊಮ್ಮೆ ಹಾಗೇ ಹಾಡಿದಳು, ಮತ್ತೊಮ್ಮೆ ಹಾಗೇ ನಿಂತಳು.

ಇದಾಗಿ ನಾಲ್ಕು ವರ್ಷ. ನೀರು ಕೇಳಿದರೂ ಹಾಗೇ, ಮಾತ್ರೆ ಕೇಳಿದರೂ ಹಾಗೇ. ಒಂದು ದಿನವೂ ಸರಿಯಾಗಿ ಹಾಡಿಲ್ಲ. ನಲವತ್ತು ವರ್ಷ ಕಂಡವರ ಮಕ್ಕಳ ತಪ್ಪು ತಿದ್ದಿದವನು ನಾನು. ಅವಳ ಆ ನಿಷಾದವನ್ನು ತಿದ್ದಲು ನನಗೆ ಬಾಯಿ ಬರುವುದಿಲ್ಲ.